ವಾರಕ್ಕೆ ಒಂದು

ನನ್ನ ತಾಯಿಯವರ ಮರಣಕ್ಕೆ ಸಂಬಂಧಿಸಿದಂತೆ, ಈವರೆಗೆ ಮನೆಯವರಿಗೂ ತಿಳಿಸದ ಸಂಗತಿಯೊಂದನ್ನು ಈ ಮೂಲಕ ದಾಖಲಿಸುತ್ತಿದ್ದೇನೆ. ತಾಲ್ಲೂಕು ಕಚೇರಿಯ ಕಡತಗಳ ಹೊರತು ಬೇರೇನೂ ಬರೆದು ಅಭ್ಯಾಸವಿಲ್ಲ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಅಮ್ಮ ಶಿಡ್ಲಘಟ್ಟದಲ್ಲಿ ಬಹಳ ವರ್ಷ ರೇಷ್ಮೆ ನೂಲು ತೆಗೆದವರು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದ ಬೆರಳುಗಳು ಕೀಲುವಾತದಿಂದ ಸೊಟ್ಟಗಾಗಿ, ಮುದ್ದೆ ಮುರಿಯಲೂ ಆಗದಾದಾಗ, ಚಿಕ್ಕಬಳ್ಳಾಪುರದ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರೆದುಕೊಟ್ಟರು. ಸದರಿ ಮಾತ್ರೆಯ ಕೆಲಸವನ್ನು ಅವರು ವಿವರಿಸಿದ್ದು ಹೀಗೆ: ಹೊಸ ಜೀವಕೋಶ ಹುಟ್ಟಲು ಫೋಲಿಕ್ ಆಮ್ಲವೆಂಬ ಜೀವಸತ್ವ ಬೇಕು. ಮಾತ್ರೆಯ ರಚನೆ ಅದನ್ನೇ ಹೋಲುವುದರಿಂದ ಜೀವಕೋಶ ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಬಂದದ್ದು ಅಲ್ಲಿನ ಕೆಲಸವನ್ನೇ ನಿಲ್ಲಿಸುತ್ತದೆ. ಕ್ಯಾನ್ಸರಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಇದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಕೀಲಿನ ಊತ ತಗ್ಗುತ್ತದೆ. ಮೀರಿದರೆ ಬಾಯಿಯ ಒಳಪದರ, ರಕ್ತ, ಹೀಗೆ ನಿತ್ಯ ಹೊಸದಾಗಬೇಕಾದುದೆಲ್ಲ ನಿಂತುಹೋಗುತ್ತದೆ.

ಡಬ್ಬಿಯ ಮೇಲೆ "ವಾರಕ್ಕೆ ಒಂದು" ಎಂದು ನಾನೇ ದಪ್ಪಕ್ಷರದಲ್ಲಿ ಬರೆದಿಟ್ಟೆ.

ಎರಡು ತಿಂಗಳಲ್ಲಿ ಅಮ್ಮನ ಬಾಯಿಯೆಲ್ಲ ಹುಣ್ಣಾಯಿತು. ಉಷ್ಣವೆಂದು ತಿಳಿದು ಮಜ್ಜಿಗೆ ಕೊಟ್ಟೆ. ಜ್ವರವೂ ಬಂದ ಮೇಲೆ ಆಸ್ಪತ್ರೆಗೆ ಸೇರಿಸಲಾಯಿತು.

"ಮಾತ್ರೆ ಯಾವತ್ತು ತಗೋತಿದ್ರಿ ಅಮ್ಮಾ?" ವೈದ್ಯರು ಕೇಳಿದರು.

"ವಾರದ ದಿವ್ಸ ಸ್ವಾಮಿ. ಸ್ನಾನ ಮಾಡಿ, ದೀಪ ಹಚ್ಚಿ, ಆಮೇಲೆ."

"ಯಾವ ವಾರ?"

"ಸೋಮ್ವಾರ, ಶನಿವಾರ. ನಮ್ಮನೇಲಿ ಎರಡು ವಾರ ಮಾಡ್ತೀವಲ್ಲಾ. ಶ್ರಾವಣ ಅಂತ ಶುಕ್ರವಾರಾನೂ ಸೇರಿಸ್ದೆ. ಇವ್ಳು ಬಾಯಲ್ಲಿ ಏನೂ ಹೇಳಲ್ಲ ಸ್ವಾಮಿ, ತಾಲ್ಲೂಕಾಫೀಸು ನೋಡಿ, ಎಲ್ಲಾ ಬರವಣಿಗೇಲೇ."

ನಮ್ಮ ಕಡೆ ವಾರವೆಂದರೆ ದೇವರಿಗೆ ಒಪ್ಪತ್ತು ಇರುವ ದಿನವೂ ಹೌದು. ಈ ವಿಷಯ ನನಗೆ ತಿಳಿದೇ ಇತ್ತು. ಬರೆಯುವಾಗ ನೆನಪಾಗಲಿಲ್ಲ.

ವೈದ್ಯರು ನನ್ನನ್ನು ಹೊರಗೆ ಕರೆದು, ರಕ್ತದ ಬಿಳಿಕಣಗಳು ತೀರಾ ಕುಸಿದಿವೆಯೆಂದರು. ಮಾತ್ರೆಯ ತಡೆಯನ್ನು ದಾಟಬಲ್ಲ ರೂಪದ ಜೀವಸತ್ವವನ್ನು ಸೂಜಿಯ ಮೂಲಕ ನೀಡಲಾಯಿತು. ಕಣಗಳು ಏರಲಿಲ್ಲ.

ಅಂದು ವೈದ್ಯರ ಮಾತು ಕೇಳಿ ನಾನು ಒಳಗೆ ಬಂದಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಮಾತ್ರೆ ತಪ್ಪಿಸಿದ್ದರಿಂದ ಹೀಗಾಯಿತೆಂದು ವೈದ್ಯರು ದೂರಿದರೇನೋ ಎಂಬ ಸಂಶಯ ಅವರಿಗೆ.

"ನೀನು ಬರ್ದಂಗೇ ನುಂಗಿದೀನಿ ಕಣಮ್ಮಾ," ಎಂದರು. ತುಟಿ ಒಡೆದು ಮಾತು ತೊದಲುತ್ತಿತ್ತು. "ಒಂದು ವಾರಾನೂ ತಪ್ಪಿಸಿಲ್ಲ."

"ಹೂಂ ಅಮ್ಮಾ, ಸರಿಯಾಗೇ ತಗೊಂಡಿದೀಯ," ಎಂದೆ.

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಮೂರನೆಯ ದಿನ ತೀರಿಕೊಂಡರು. ಪ್ರಮಾಣಪತ್ರದಲ್ಲಿ ಕಾರಣ ಸೋಂಕು ಎಂದು ನಮೂದಾಗಿದೆ.