ಪಂಜರದ ಸುತ್ತ ಊಟ

ಗೋಕಾಕದ ನನ್ನ ನಾದಿನಿ ಬಾಡಿಗೆ ಮನೆ ಬದಲಿಸಿದಾಗ ಹೊಸ ಮಾಲೀಕರು ಹಕ್ಕಿ ಸಾಕುವ ಹಾಗಿಲ್ಲ ಎಂದರಂತೆ. ಜುಟ್ಟಿರುವ ತನ್ನ ಎರಡು ಗಿಳಿಗಳನ್ನು ಪಂಜರ ಸಮೇತ ಕಲ್ಲೋಳಿಗೆ ತಂದು ನಮ್ಮ ಪಡಸಾಲೆಯಲ್ಲಿಟ್ಟು ಹೋದಳು. ಅಂಗಡಿಯವರು ಅವನ್ನು ಕಾಕಟೀಲ್ ಅನ್ನುತ್ತಾರೆ. ಬೂದು ಮೈ, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು. ನೋಡಲು ಚೆಂದ, ಹತ್ತಿರ ಹೋದರೆ ಬುಸ್ಸೆನ್ನುತ್ತಿದ್ದವು. ಯಾರ ಕೈಗೂ ಪಳಗಿರಲಿಲ್ಲ.

ಸದಾ ಪಂಜರದಲ್ಲೇ ಇಡುವುದು ಪಾಪ ಅನ್ನಿಸಿ ಸಂಜೆ ಬಾಗಿಲು ಕಿಟಕಿ ಹಾಕಿ ಹೊರಗೆ ಬಿಡುತ್ತಿದ್ದೆ. ಬಿಡುವುದು ಸುಲಭ. ಮತ್ತೆ ಒಳಗೆ ಕಳಿಸುವುದಿತ್ತಲ್ಲ, ಶಿವನೇ! ಕಪಾಟಿನ ಮೇಲಿಂದ ಪರದೆಯ ಕೋಲಿಗೆ, ಅಲ್ಲಿಂದ ಫ್ಯಾನಿನ ರೆಕ್ಕೆಗೆ. ಟವೆಲ್ ಹಿಡಿದು ಅಟ್ಟಿದಷ್ಟೂ ನನ್ನನ್ನು ಕಂಡರೆ ಇನ್ನಷ್ಟು ಹೆದರುತ್ತಿದ್ದವು. ಅವು ಒಳಗೆ ಹೋಗುವ ತನಕ ಫ್ಯಾನ್ ಹಾಕುವ ಹಾಗಿಲ್ಲ, ಬೇಸಿಗೆ ಬೇರೆ. ಬೆವರು ಒರೆಸಿಕೊಂಡು ಸಾಕಾದ ನಮ್ಮ ಯಜಮಾನರು ಹೇಳಿಬಿಟ್ಟರು: “ಹುಕ್ಕೇರಿಯಾಗ ನನ್ನ ದೋಸ್ತ ಹಕ್ಕಿ ಸಾಕ್ಯಾನ. ಯುಗಾದಿ ಆದ ಮ್ಯಾಲ ಬರ್ತಾನ. ಅಷ್ಟರಾಗ ತಾವಾಗೇ ಒಳಗ ಹೋಗಾಕ ಕಲತ್ರ ಇರ್ಲಿ, ಇಲ್ಲಂದ್ರ ಒಯ್ಯಲಿ.”

ನನಗೆ ಅವನ್ನು ಕಳಿಸುವ ಮನಸ್ಸಿರಲಿಲ್ಲ. ಕಾರಣ ಅತ್ತೆ. ಮಾವ ಲಿಂಗೈಕ್ಯರಾದ ಮೇಲೆ ಅವರು ಮಾತನ್ನೇ ಬಿಟ್ಟಿದ್ದರು. ಕೇಳಿದ್ದಕ್ಕೆ ಹೂಂ, ಉಹುಂ, ಅಷ್ಟೇ. ನೊಂದ ಜೀವ ಅಂತ ನಾವೂ ಅವರ ಮುಂದೆ ದನಿ ಎತ್ತುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟಿರುವ ನಾನು ಸಹ. ಗಿಳಿಗಳು ಬಂದ ಮೇಲೆ ಅವನ್ನು ಬೈಯಲಾದರೂ ಅತ್ತೆ ಬಾಯಿ ತೆರೆದರು. “ಯಾಕ ಒದರತೀರಿ, ನಿಮ್ಮ ಗಂಟ ಏನ ಹೋಗೈತಿ?” ಎಂದು ಗದರುವ ದನಿ ಅಡುಗೆಮನೆಗೆ ಕೇಳಿದರೆ ನನಗೆಷ್ಟು ಸಮಾಧಾನ! ಅವು ಹೋದರೆ ಮನೆ ಮತ್ತೆ ಮೂಕವಾಗುತ್ತದೆಂಬ ಹೆದರಿಕೆ.

ಮೊಬೈಲಿನಲ್ಲಿ ನೋಡಿ ಒಂದು ಉಪಾಯ ಹಿಡಿದೆ. ಮಧ್ಯಾಹ್ನವೇ ಕಾಳಿನ ಬಟ್ಟಲು ತೆಗೆದು, ಹಸಿದಿರುವಾಗ ಹೊರಗೆ ಬಿಡುವುದು. ಆಮೇಲೆ ಪಂಜರದೊಳಗೆ ಅವುಗಳಿಗೆ ಪ್ರಾಣವಾದ ನವಣೆ ತೆನೆ ಸಿಕ್ಕಿಸಿ ಸೀಟಿ ಹೊಡೆಯುವುದು. ಹೊಡೆದೆ, ತುಟಿ ಒಣಗುವ ತನಕ ಹೊಡೆದೆ. ಗಿಳಿಗಳು ಕಪಾಟಿನ ಮೇಲೆ ಕುಳಿತು ಆರಾಮಾಗಿ ಪುಕ್ಕ ತಿದ್ದಿಕೊಳ್ಳುತ್ತಿದ್ದವು. ನನ್ನ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಒಂದು ದಿನ ಧೂಳು ಒರೆಸಲು ಸ್ಟೂಲ್ ಹತ್ತಿದರೆ, ಕಪಾಟಿನ ಮೇಲೆ ನವಣೆ ಹೊಟ್ಟಿನ ರಾಶಿ! ತಿಂದು ಬಿಟ್ಟ ತೆನೆಯ ಕಡ್ಡಿಗಳು ಬೇರೆ. ಮೈಯೆಲ್ಲ ಉರಿದುಹೋಯಿತು.

“ಅತ್ತೀ, ಇದೇನ್ರಿ ಇದು? ನಾ ಇಲ್ಲಿ ಸೀಟಿ ಹೊಡದ ಸಾಯಾಕತ್ತೇನಿ, ನೀವ ಮ್ಯಾಲ ದಾಸೋಹ ನಡಸೀರಿ? ಹೊಟ್ಟಿ ತುಂಬಿದ ಮ್ಯಾಲ ಹುಗ್ಗಿ ಮುಳ್ಳಂತ, ಅವು ಪಂಜರಕ್ಕ ಯಾಕ ಬರ್ತಾವ?”

ಅತ್ತೆ ಜಗ್ಗಲಿಲ್ಲ. “ನೀ ರೊಟ್ಟಿ ಬಡಿಯಾಕ ಹೋದಾಗ ತೆನಿ ಕೋಲಿಗೆ ಸಿಗಿಸಿ ನಾನ ಮ್ಯಾಲ ಏರಸ್ತಿದ್ದೆ. ಹಸದ ಜೀವ ಎದುರಿಗೆ ಕುಂತಿರ್ತಾವ, ನಾವು ತಾಟ ಮುಂದಿಟ್ಕೊಂಡ ಉಣ್ಣೂದ? ನನಗ ತುತ್ತ ಇಳಿಯಂಗಿಲ್ಲವ್ವಾ.”

ಊಟದ ಹೊತ್ತಿಗೆ ಯಾರೇ ಬರಲಿ, ಅವರಿಗೂ ಒಂದು ತಾಟು ಇಡುವುದು ಈ ಮನೆಯ ರೂಢಿ. ಅದು ಗಿಳಿಗಳಿಗೂ ಸಲ್ಲುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಸಿಟ್ಟಿನಲ್ಲೇ ಅಂದೆ: “ಹಂಗಾರ ನಾವು ಉಣ್ಣೂ ಹೊತ್ತಿಗೆ ಪಂಜರದಾಗ ನೀವ ನೀಡ್ರಿ. ಕಪಾಟಿನ ಮ್ಯಾಲ ಒಂದ ಕಾಳೂ ಬೀಳಬಾರದು.”

ಅಂದಿನಿಂದ ಬೆಳಕಿರುವಾಗಲೇ ರಾತ್ರಿಯೂಟ. ಪಂಜರವನ್ನು ನೆಲಕ್ಕಿಳಿಸಿ, ಬಾಗಿಲು ತೆರೆದು, ಸುತ್ತ ಮೂವರೂ ಕೂರುತ್ತಿದ್ದೆವು. ಅತ್ತೆ ಒಳಗೆ ತೆನೆ ಸಿಕ್ಕಿಸಿದ ಮೇಲೆಯೇ ತಮ್ಮ ತಾಟಿಗೆ ಕೈ ಹಾಕುತ್ತಿದ್ದರು. ಗಿಳಿಗಳು ಮೊದಮೊದಲು ಮೇಲಿಂದಲೇ ಕತ್ತು ಚಾಚಿ ನೋಡಿದವು. ಒಂದು ಸಂಜೆ ಹೆಣ್ಣು ಗಿಳಿ ಇಳಿದು ಬಂದು ಒಳಗೆ ಹೋಯಿತು. ಯಜಮಾನರು ಸರಕ್ಕನೆ ಪಂಜರದ ಬಾಗಿಲಿಗೆ ಕೈ ಹಾಕಿದರು. ಅತ್ತೆ ಆ ಕೈಗೆ ಫಟ್ಟನೆ ಒಂದು ಕೊಟ್ಟರು. “ಉಣ್ಣಾಕ ಬಂದಾವ್ರನ್ನ ಕೂಡಿ ಹಾಕ್ತಾರೇನೋ? ನಾಳೆ ಮತ್ತ ಬರ್ತಾವೇನ?” ನನಗೆ ನಗು ತಡೆಯಲಾಗಲಿಲ್ಲ.

ಗಂಡು ಗಿಳಿಯದು ಮಾತ್ರ ಬಿಗುಮಾನ. ಬಾಗಿಲ ತನಕ ಬಂದು ತಿರುಗಿ ಹಾರುತ್ತಿತ್ತು. ಅಷ್ಟರಲ್ಲಿ ಯುಗಾದಿ ಮುಗಿದು, ಹುಕ್ಕೇರಿಯ ಗೆಳೆಯರು ಬಂದೇಬಿಟ್ಟರು. ಹೊಸ ಮುಖ ಕಂಡದ್ದೇ ತಡ, ಎರಡೂ ಪರದೆಯ ಕೋಲಿಗೇರಿದವು.

“ಟಾವೆಲ್ ಕೊಡ್ರಿ ವೈನಿ, ಹಿಡದಬಿಡ್ತೇನಿ,” ಎಂದು ಅವರು ನನ್ನತ್ತ ಕೈ ಚಾಚಿದರು.

“ಟಾವೆಲ್ ಆಮ್ಯಾಲ,” ಎಂದರು ಅತ್ತೆ. “ಉಣ್ಣೂ ಹೊತ್ತಿಗೆ ಬಂದೀರಿ, ಮೊದಲ ಕುಂದರ್ರಿ.”

ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಅತ್ತೆ ಎಂದಿನಂತೆ ಪಂಜರದೊಳಗೆ ತೆನೆ ಸಿಕ್ಕಿಸಿದರು; ನನ್ನ ಕಣ್ಣು ಪರದೆಯ ಕೋಲಿನ ಮೇಲೆಯೇ. ಗೆಳೆಯರ ಎರಡನೇ ರೊಟ್ಟಿಯ ಹೊತ್ತಿಗೆ ಹೆಣ್ಣು ಇಳಿಯಿತು. ಗಂಡು ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ, ಪಂಜರದ ಮೇಲೆ ಕುಳಿತು, ಬಗ್ಗಿ ನೋಡಿ, ಕೊನೆಗೂ ಒಳಗೆ ಹೋಯಿತು. ಎರಡೂ ಹೊಟ್ಟೆ ತುಂಬ ತಿಂದ ಮೇಲೆ ಅತ್ತೆ ಬಾಗಿಲು ಹಾಕಿದರು.

“ಚಲೋ ಆತು, ಒಯ್ಯಾಕ ಇನ್ನೂ ಹಗುರಾತು!” ಎಂದು ಗೆಳೆಯರು ಕೈ ತೊಳೆಯಲು ಎದ್ದರು.

ಅತ್ತೆ ಪಂಜರದ ಮೇಲೆ ಕೈಯಿಟ್ಟರು. “ಒಯ್ಯಬ್ಯಾಡ್ರಿ. ನಮ್ಮನಿಯವರು ಹೋದ ಮ್ಯಾಲ ನನ್ನ ಜೋಡಿ ಜಗಳಾ ಆಡಾವ್ರ ಯಾರೂ ಇರಲಿಲ್ರಿ. ಮಗಾ ಸೊಸಿ ಎಲ್ಲಾದಕ್ಕೂ ಹೂಂ ಅಂತಿದ್ರು, ನಾನೂ ಸತ್ತೇನೇನೋ ಅನ್ನೂವಂಗ. ಇವು ಬಂದ ಮ್ಯಾಲ ಈಕೀನೂ ನನಗ ಎದುರ ಮಾತಾಡಾಕ ಹತ್ಯಾಳ.”

ಮಾವನ ಸುದ್ದಿ ಅವರ ಬಾಯಿಂದ ಬಂದದ್ದು ಅಂದೇ ಮೊದಲು. ಯಜಮಾನರು ತಲೆ ತಗ್ಗಿಸಿದರು. ನನಗೆ ಅಳು ಒತ್ತಿಕೊಂಡು ಬಂತು.

“ನಿಂತ ಏನ ನೋಡ್ತಿ? ತಾಟ ಎತ್ತ,” ಎಂದು ಅತ್ತೆ ಗದರಿದರು.

“ಎತ್ತತೇನಿ ತಡೀರಿ, ನನಗೇನ ನಾಕ ಕೈ ಅದಾವೇನ್ರಿ?” ಎಂದು ನಾನೂ ಜೋರಾಗಿಯೇ ಅಂದೆ.