ಐಸಾಲ್ಕಿನ್ ಬಾಯಿಗೆ ಬಾರದ ಕಲ್ಲು

ಪಕ್ಕದ ಮನೆ ಐಸಾಲ್ಕಿನ್ ಇಂಗ್ಲಿಷ್ ನುಡಿಗಟ್ಟು ಕಲಿತದ್ದು ಕುದುರೆ ಹಾಲು ಕರೆಯುತ್ತಾ. ಫೋನು ಹೇಳಿಕೊಡೋದು, ಇವಳು ಕುದುರೆಗೆ ಒಪ್ಪಿಸೋದು. ಒಂದು ದಿನ, ಚೆಲ್ಲಿದ ಹಾಲಿಗೆ ಅಳಬಾರದು ಅನ್ನೋದು ಬಂತು. ಅರ್ಥ ಕೇಳಿದ ಅವಳ ಅತ್ತೆ, "ಚೆಲ್ಲಿ ನೋಡು, ಅಳಿಸೋದು ನಾನು!" ಅಂದಳು.

ನಗಬೇಡಿ. ಹತ್ತಿರದ ಪೇಟೆ ಕೊಚ್ಕೋರಿನ ಪ್ರವಾಸಿ ಕಚೇರಿಯಲ್ಲಿ ಗೈಡ್ ಕೆಲಸ ಸಿಗದಿದ್ದರೆ ಅವಳೂ ಗಂಡನ ಹಿಂದೆ ಮಾಸ್ಕೋಗೆ ಹೋಗಿ ನೆಲ ಒರೆಸಬೇಕಿತ್ತು, ಎಳೆ ಮಗುವನ್ನು ಇಲ್ಲೇ ಬಿಟ್ಟು.

ಆ ಕೆಲಸದ ಪರೀಕ್ಷೆಗೆ ಅವಳ ಮಾವ ತಾಷ್‌ಬೆಕ್‌ನೇ ಕಾರಲ್ಲಿ ಕರೆದುಕೊಂಡು ಹೋದ. ಜೊತೆಗೆ ನಾನು. ಕೋಣೆಯ ಮೂಲೆಯಲ್ಲಿ ಇಬ್ಬರೂ ಕೂತೆವು. ಪರೀಕ್ಷೆ ಮಾಡುವ ಹುಡುಗಿ ರಾಜಧಾನಿಯವಳು. ನುಡಿಗಟ್ಟಿನ ಮೊದಲರ್ಧ ಅವಳು ಹೇಳಬೇಕು, ಉಳಿದರ್ಧ ಇವಳು. ನಮ್ಮ ಹುಡುಗಿ ಅರಳು ಹುರಿದ ಹಾಗೆ ಹೇಳಿದಳು. ಆಮೇಲೆ ಎರಡು ಹಕ್ಕಿ ಹೊಡೆಯೋದು ಬಂತು ನೋಡಿ, 'ಒಂದೇ ಕಲ್ಲಿನಲ್ಲಿ' ಅನ್ನಬೇಕಾದ ಐಸಾಲ್ಕಿನ್ ಗಪ್‌ಚಿಪ್.

ನಮ್ಮ ಭಾಷೆಯಲ್ಲಿ ತಾಷ್ ಅಂದರೆ ಕಲ್ಲು. ಸೊಸೆ ಮಾವನ ಹೆಸರು ಎತ್ತುವುದುಂಟೇ? ಅವಳು ಮದುವೆಯಾಗಿ ಬಂದಾಗಿನಿಂದ ಕಲ್ಲಿಗೆ 'ಗಟ್ಟಿಯದು' ಅಂತಲೇ ಹೆಸರು. ಪಲಾವಿನಲ್ಲಿ ಹಲ್ಲಿಗೆ ಸಿಕ್ಕರೂ ಗಟ್ಟಿಯದು.

"ಒಂದೇ... ಗಟ್ಟಿಯದರಲ್ಲಿ," ಅಂತ ಇಂಗ್ಲಿಷಿನಲ್ಲಿ ಹೇಳಿ ತಲೆ ತಗ್ಗಿಸಿದಳು.

"ತಪ್ಪು. ಇನ್ನೊಂದೇ ಸಲ ಕೇಳ್ತೀನಿ," ಅಂದಳು ಆ ಹುಡುಗಿ.

ನನಗೆ ತಡೆಯಲಿಲ್ಲ. "ಅಯ್ಯೋ, ಮಾವ ಇಲ್ಲೇ ಕೂತಿದ್ದಾನೆ, ಅವನ ಹೆಸರು ಹೇಗೆ ಹೇಳ್ತಾಳಮ್ಮ?"

"ಇಂಗ್ಲಿಷಿನಲ್ಲಿ ತಾನೇ, ಅಜ್ಜಿ?"

"ಯಾವ ಭಾಷೆಯಲ್ಲಾದರೂ ಮಾವ ಮಾವನೇ!"

ತಾಷ್‌ಬೆಕ್ ಗಂಟಲು ಸರಿಮಾಡಿಕೊಂಡ. "ಹೇಳು ಮಗಳೇ. ನಾನೇನು ಸವೆದು ಹೋಗಲ್ಲ."

ಅವಳು "ಒಂದೇ..." ಅಂದು ಅಲ್ಲೇ ನಿಂತಳು. ಕಣ್ಣಲ್ಲಿ ನೀರು ಬಂತು. ಮುದುಕ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಟೋಪಿ ಎತ್ತಿಕೊಂಡು, "ಕಾರು ಬಿಸಿಯಾಗಿದೆ, ನೀರು ಹಾಕಿ ಬರ್ತೀನಿ," ಅಂತ ಎದ್ದು ಹೋದ. ಬಾಗಿಲು ಮುಚ್ಚಿತು.

ಆಗ ಹೇಳಿದಳು ನೋಡಿ! ಕಿಟಕಿ ಗಾಜು ಅದುರಬೇಕು, ಅಷ್ಟು ಜೋರಾಗಿ.

ನಾವು ಹೊರಗೆ ಬಂದಾಗ ಮುದುಕ ಕಾರಿನ ಹತ್ತಿರ ಹೋಗಿಯೇ ಇರಲಿಲ್ಲ, ಬಾಗಿಲಿಗೇ ಅಂಟಿಕೊಂಡು ನಿಂತಿದ್ದ. ಸೊಸೆ ಕೆಂಪಾದಳು.

"ನನಗೇನೂ ಕೇಳಿಸಲಿಲ್ಲ," ಅಂದ ಅವನು, ಕಣ್ಣು ಒರೆಸಿಕೊಳ್ಳುತ್ತಾ. "ಕೆಲಸ ಕೊಟ್ಟರಾ?"

"ಕೊಟ್ಟರು, ಅಪ್ಪಾ."

"ಸರಿ, ನಡಿ ಮನೆಗೆ. ಮಗು ನಿನ್ನ ದಾರಿ ನೋಡ್ತಿರುತ್ತೆ."