ನ ಸಾಲಿನವರೆಗೆ

ನನಗೆ ಅನುಮಾನ ಹುಟ್ಟುಗುಣ. ಹಾಲಿನ ಬಾಟಲಿಯ ಮೇಲೆ ತಾರೀಖು ಇದ್ದರೂ ಮೂಗಿಗೆ ಹಿಡಿದು ನೋಡುತ್ತೇನೆ. ಬೀಗ ಹಾಕಿ ಕಾರು ಹತ್ತಿದ ಮೇಲೂ ಇಳಿದು ಹೋಗಿ ಮತ್ತೊಮ್ಮೆ ಎಳೆದು ನೋಡುತ್ತೇನೆ. ಕಾಮಾಲೆ ಕಣ್ಣಿನವಳು ಎಂದು ಗಂಡ ಛೇಡಿಸುತ್ತಾನೆ. ಇರಬಹುದು. ಆದರೆ ರಾಣೆಬೆನ್ನೂರಿನಲ್ಲಿ ನಮ್ಮ ಅಜ್ಜಿಯ ಹೆಬ್ಬೆಟ್ಟನ್ನು ರೇಷನ್ ಕಾರ್ಡಿಗೆ ಬೇಕು ಎಂದು ಒತ್ತಿಸಿಕೊಂಡು, ಅವಳ ಸೈಟನ್ನೇ ಬರೆಸಿಕೊಂಡು ಹೋದವನು ಹೊರಗಿನವನಲ್ಲ. ದಿನಾ ಬಂದು ಅವಳ ಕಾಲು ಒತ್ತುತ್ತಿದ್ದ ಅವಳ ತಮ್ಮನ ಮಗ. ಇಂಕು ಮೆತ್ತಿದ ಬೆರಳು ಒರೆಸಲು ಒದ್ದೆ ಬಟ್ಟೆ ತಂದುಕೊಟ್ಟವಳು ನಾನೇ. ಆಗ ನನಗೆ ಒಂಬತ್ತು ವರ್ಷ.

ಆದ್ದರಿಂದ ಬುಧವಾರದ ಮುದುಕನ ಮೇಲೆ ನನಗೆ ಸಂಶಯ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಮೆಲ್ಬರ್ನ್‌ಗೆ ಅಕೌಂಟಿಂಗ್ ಓದಲು ಬಂದ ನಾನು, ಇಲ್ಲೇ ನೆಲೆಸಲು ಬೇಕಾದ ಪಿಆರ್ ಸಿಗುವ ಹೊತ್ತಿಗೆ ನಗರದಂಚಿನ ವೆರಿಬೀಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಹೋಮ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ಜಪಾನಿ ಅಜ್ಜಿ ಇದ್ದಳು. ಮರೆವಿನ ಕಾಯಿಲೆ. ಐವತ್ತು ವರ್ಷ ಈ ದೇಶದಲ್ಲಿ ಆಡಿದ ಇಂಗ್ಲಿಷ್ ಪೂರ್ತಿ ಹೋಗಿ, ಯೆಸ್, ನೋ, ಟೀ ಎಂಬ ಮೂರು ಮಾತು ಉಳಿದಿದ್ದವು. ಒಬ್ಬಳೇ ಮಗಳು ಸಿಡ್ನಿಯಲ್ಲಿದ್ದಳು, ವಾರಕ್ಕೊಮ್ಮೆ ವಿಡಿಯೋದಲ್ಲಿ ಬರುತ್ತಿದ್ದಳು. ಮಿಕ್ಕಂತೆ ಅಜ್ಜಿಯನ್ನು ನೋಡಲು ಬರುತ್ತಿದ್ದವನು ಆ ಮುದುಕ ಒಬ್ಬನೇ. ಆತನೂ ಜಪಾನಿನವನು. ಬುಧವಾರ ಎರಡಕ್ಕೆ ಸರಿಯಾಗಿ ಬಂದು, ರಿಜಿಸ್ಟರಿನಲ್ಲಿ 'ಫ್ರೆಂಡ್' ಎಂದು ಬರೆದು, ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ.

ಬಾಗಿಲು ಯಾಕೆ ಮುಚ್ಚಬೇಕು? ಟೀ ಕೊಡುವ ನೆಪದಲ್ಲಿ ನಾನು ಒಳಗೆ ಹೋಗತೊಡಗಿದೆ. ತೊಡೆಯ ಮೇಲೆ ದಪ್ಪನೆಯ ನೋಟ್‌ಬುಕ್ಕು, ಅಂಚಿನಲ್ಲಿ ಬಣ್ಣಬಣ್ಣದ ಚೀಟಿಗಳು. ಆತ ಮುಂದಕ್ಕೆ ಬಾಗಿ ಅಜ್ಜಿಯ ಮುಖವನ್ನೇ ನೋಡುತ್ತ, ಮೊಣಕಾಲಿನ ಮೇಲೆ ಬೆರಳು ತಟ್ಟುತ್ತ, 'ಸ... ಸ... ಸ...' ಎನ್ನುತ್ತಿದ್ದ. ಅಜ್ಜಿ ಕಣ್ಣು ಮುಚ್ಚಿ ಹಣೆ ಗಂಟಿಕ್ಕಿಕೊಂಡು ಒದ್ದಾಡುತ್ತಿದ್ದಳು. ಒಮ್ಮೊಮ್ಮೆ ಅವಳ ಕಣ್ಣಲ್ಲಿ ನೀರೂ ಬರುತ್ತಿತ್ತು. ಕೊನೆಗೆ ಅವಳು ಏನೋ ಹೇಳುತ್ತಿದ್ದಳು, ಆತ ಬರೆದುಕೊಳ್ಳುತ್ತಿದ್ದ. ಆಮೇಲೆ ಹಾಡು. ಹೌದು, ಇಬ್ಬರೂ ಹಾಡುತ್ತಿದ್ದರು, ಅದು ಕಾರಿಡಾರಿಗೂ ಕೇಳುತ್ತಿತ್ತು. ಬೆಣ್ಣೆ ಹಚ್ಚುವುದು ಎಂದರೆ ಇದೇ ಎಂದುಕೊಂಡೆ. ನಮ್ಮ ಅಜ್ಜಿಯ ಕಾಲು ಒತ್ತಿದವನೂ ಸುಮ್ಮನೆ ಒತ್ತಿರಲಿಲ್ಲ.

ಹಾಡು ಮುಗಿದ ಮೇಲೆ ನಡೆದದ್ದನ್ನು ಒಂದು ಬುಧವಾರ ಕಂಡೆ. ಆತ ಡ್ರಾಯರಿನಿಂದ ಬೆರಳುದ್ದದ ಒಂದು ಕಡ್ಡಿ ತೆಗೆದು, ಕೆಂಪು ಇಂಕಿನಲ್ಲಿ ಅದ್ದಿ, ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ಅದನ್ನು ಹಾಳೆಯ ಮೇಲೆ ಒತ್ತಿದಳು. ಫೋನಿನಲ್ಲಿ ಹುಡುಕಿ ನೋಡಿದೆ: ಅದು ಹೆಸರಿನ ಮುದ್ರೆ. ಜಪಾನಿನಲ್ಲಿ ಮನೆ, ಜಮೀನು ಬರೆದುಕೊಡುವಾಗ ಸಹಿಯ ಬದಲು ಅದನ್ನೇ ಒತ್ತುತ್ತಾರಂತೆ. ಅವತ್ತು ರಾತ್ರಿ ಗಂಡನಿಗೆ ಹೇಳಿದೆ.

"ಅವ್ರ್ ಪಾಡಿಗೆ ಅವ್ರು ಏನೋ ಮಾಡ್ಕೋತಾರೆ, ನಿಂಗ್ಯಾಕೆ?" ಎಂದ ಗಂಡ.

"ಯಾಕೆ ಅಂದ್ರೆ? ಡೌಟ್ ಬಂದ್ರೆ ರಿಪೋರ್ಟ್ ಮಾಡ್ಬೇಕು ರೀ, ರೂಲ್ ಇದೆ."

"ನಿಂಗೆ ಡೌಟ್ ಬರ್ದೇ ಇರೋದು ಯಾವಾಗ ಹೇಳು?"

ನಾನು ರಿಪೋರ್ಟ್ ಬರೆದೆ. ಮ್ಯಾನೇಜರ್ ಸಿಡ್ನಿಗೆ ಫೋನ್ ಮಾಡಿದಳು. ವಿಷಯ ಇತ್ಯರ್ಥವಾಗುವವರೆಗೆ ಆತನನ್ನು ಒಳಗೆ ಬಿಡಬೇಡಿ ಎಂದಳಂತೆ ಮಗಳು. ಮುಂದಿನ ಬುಧವಾರ ರಿಸೆಪ್ಷನ್ನಿನಲ್ಲೇ ಮುದುಕನನ್ನು ತಡೆದರು. ನಾನು ಮಡಚಿದ ಬೆಡ್‌ಶೀಟುಗಳ ಗಾಡಿಯ ಹಿಂದೆ ನಿಂತು ನೋಡಿದೆ. ಆತ ವಾದ ಮಾಡಲಿಲ್ಲ, ದನಿ ಎತ್ತಲಿಲ್ಲ. ಪುಸ್ತಕ ಕೊಡಿ ಎಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ತಲೆ ಬಾಗಿಸಿ ಹೊರಟುಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಹೊಸಬ, ಮುಟ್ಟಿಕೊಳ್ಳದವನು ಪಳಗಿದವನು ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜಿಗೆ ಬುಧವಾರದ ಅಂದಾಜು ಹೇಗೆ ಸಿಗುತ್ತಿತ್ತೋ ಕಾಣೆ. ಆ ದಿನ ಊಟವಾದ ಕೂಡಲೇ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಎಂದು ಕೈ ತೋರಿಸುತ್ತಿದ್ದಳು. ತಿರುಗಿಸಿ ಕೂರಿಸುತ್ತಿದ್ದೆ. ಸಂಜೆ ಮತ್ತೆ ಕಿಟಕಿಯ ಕಡೆಗೆ ತಿರುಗಿಸುತ್ತಿದ್ದೆ. ಹೀಗೆ ಮೂರು ವಾರ ಆಯಿತು. ಮಗಳು ಪುಸ್ತಕದ ಫೋಟೊ ತರಿಸಿಕೊಂಡಿದ್ದಳು. ಇಲ್ಲೇ ಹುಟ್ಟಿ ಬೆಳೆದವಳಿಗೆ ಆ ಲಿಪಿ ಬಾರದು, ಯಾರಿಗೋ ಓದಲು ಕಳಿಸಿದ್ದಾಳೆ ಎಂದು ಮ್ಯಾನೇಜರ್ ಹೇಳಿದಳು.

ಮೂರನೆಯ ವಾರದ ಭಾನುವಾರ ಗೆಳತಿಯ ಮನೆಯಲ್ಲಿ ಊಟವಿತ್ತು. ಊಟವಾದ ಮೇಲೆ ಅಂತ್ಯಾಕ್ಷರಿಗೆ ಕೂತರು. ಊರಿನಿಂದ ಬಂದಿದ್ದ ಗೆಳತಿಯ ತಾಯಿಗೆ 'ನ' ಬಂತು. ನೂರಾರು ಹಾಡು ಬಲ್ಲ ಹೆಂಗಸು, ಒಂದೂ ನೆನಪಾಗದೆ ಕಣ್ಣು ಮುಚ್ಚಿ ಹಣೆ ಗಂಟಿಕ್ಕಿಕೊಂಡರು. ನನ್ನ ಗಂಡ ಅವರ ಮುಂದೆ ಬಾಗಿ, ಮೊಣಕಾಲಿನ ಮೇಲೆ ಬೆರಳು ತಟ್ಟುತ್ತ, "ನ... ಆಂಟಿ, ನ... ನಿಮ್ಗೆ ಬರತ್ತೆ, ನ..." ಎನ್ನತೊಡಗಿದ.

ಕೈಯಲ್ಲಿದ್ದ ಹೋಳಿಗೆಯನ್ನು ನಾನು ತಟ್ಟೆಗೆ ಹಾಕಿದೆ.

ಮರುದಿನ ಮ್ಯಾನೇಜರ್ ಬಳಿ ಹೋಗಿ, ನನ್ನ ಊಹೆ ತಪ್ಪಿರಬಹುದು, ಆ ಹಿರಿಯರನ್ನು ಒಮ್ಮೆ ಕರೆದು ಕೇಳೋಣ ಎಂದೆ. ಅವರು ಬಂದು ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದರು. ಅಜ್ಜಿಗೆ ನೆನಪಿರುವ ಹಾಡುಗಳನ್ನೆಲ್ಲ, ಅವು ಹೋಗಿಬಿಡುವ ಮೊದಲು, ಬರೆದಿಡುತ್ತಿದ್ದರು. ಹಾಡು ಯಾವುದು ಎಂದರೆ ಅವಳಿಗೆ ಗೊತ್ತಾಗುವುದಿಲ್ಲ, ಆದರೆ ಹೆಸರಿನ ಮೊದಲ ಅಕ್ಷರದ ಸದ್ದು ಕೊಟ್ಟರೆ ತಾನಾಗಿ ಎದ್ದು ಬರುತ್ತದೆ ಎಂದರು. ಅದಕ್ಕೇ ಸಾಲು ಸಾಲಾಗಿ ವಿಂಗಡಿಸಿದ್ದರು: ಅ, ಕ, ಸ, ತ, ನ, ಹ, ಮ, ಯ, ರ, ವ. ಕ ಸಾಲಿನೊಳಗೆ ಕ, ಕಿ, ಕು, ಕೆ, ಕೊ. ನಮ್ಮ ಕಾಗುಣಿತವನ್ನೇ ಯಾರೋ ಗಿಡ್ಡ ಮಾಡಿ ಬರೆದ ಹಾಗಿತ್ತು. ಅಜ್ಜಿ ಒಂದು ಕಾಲಕ್ಕೆ ಶನಿವಾರ ಶನಿವಾರ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳಂತೆ. ಮಗು ತಪ್ಪಿಲ್ಲದೆ ಹಾಡಿದರೆ ಅದರ ಪುಸ್ತಕದಲ್ಲಿ ತನ್ನ ಮುದ್ರೆ ಒತ್ತುತ್ತಿದ್ದಳಂತೆ. ಈಗ ತನ್ನ ಹಾಡಿಗೆ ತಾನೇ ಒತ್ತಿಕೊಳ್ಳುತ್ತಿದ್ದಳು. ಪಕ್ಕದ ಕೋಣೆಯವರಿಗೆ ಗಲಾಟೆ ಆಗಬಾರದೆಂದು ಬಾಗಿಲು ಮುಚ್ಚುತ್ತಿದ್ದರು. ಪುಸ್ತಕ ಪೂರ್ತಿಯಾದ ಮೇಲೆ ಮಗಳಿಗೆ ಕೊಡಬೇಕೆಂದಿದ್ದರು, ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಮಗಳಿಗೆ ಫೋನ್ ಹೋಯಿತು. ಅವಳ ಒಪ್ಪಿಗೆ ಬಂದು, ಕಾಗದಪತ್ರ ಮುಗಿದು, ಅವರು ಮತ್ತೆ ಅಜ್ಜಿಯ ಎದುರು ಕೂರುವ ಹೊತ್ತಿಗೆ ಆರು ವಾರ ಕಳೆದಿತ್ತು. ಈ ಸಲ ನಾನು ಟೀ ಇಟ್ಟು ಅಲ್ಲೇ ನಿಂತೆ. ಅವರು 'ಹ... ಹ...' ಎಂದರು. ಅಜ್ಜಿ ಅವರ ಕೋಟಿನ ಗುಂಡಿಯನ್ನು ನೋಡುತ್ತಿದ್ದಳು. ಅವರು ಮತ್ತೆ ಮೊದಲ ಸಾಲಿಗೆ ಹೋಗಿ 'ಅ' ಎಂದರು, ತಾವೇ ಎರಡು ಸಾಲು ಹಾಡಿದರು. ಅವಳು ನನ್ನ ಕಡೆ ತಿರುಗಿ "ಟೀ" ಎಂದಳು. ಕಾಯಿಲೆ ಹೇಗಿದ್ದರೂ ಮುಂದುವರಿಯುತ್ತಿತ್ತು ಎಂದಳು ಮ್ಯಾನೇಜರ್. ನಾನು ಆ ಮಾತನ್ನು ಹಿಡಿದುಕೊಂಡೆ. ಆದರೆ ಅದರ ಮೇಲೂ ನನಗೆ ಅನುಮಾನ, ಯಾಕೆಂದರೆ ಅದು ನನಗೆ ಬಹಳ ಅನುಕೂಲದ ಮಾತಾಗಿತ್ತು.

ಈ ಗಲಾಟೆಯಲ್ಲಿ ಮಗಳು ಹೆದರಿದ್ದಳು. ಅಮ್ಮ ಕಣ್ಣಳತೆಯಲ್ಲೇ ಇರಲಿ ಎಂದು ಸಿಡ್ನಿಯಲ್ಲಿ ತನ್ನ ಮನೆಯ ಹತ್ತಿರದ ಹೋಮ್‌ನಲ್ಲಿ ಜಾಗ ಮಾಡಿಸಿದಳು. ಮುಂದಿನ ತಿಂಗಳೇ ಅಜ್ಜಿ ಹೊರಟುಹೋದಳು. ವಿಮಾನ ಹತ್ತುವಷ್ಟು ಶಕ್ತಿ ಆ ಹಿರಿಯರಿಗೆ ಉಳಿದಿರಲಿಲ್ಲ. ನಾನು ಈಸ್ಟರ್ ರಜೆಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ಮೈದುನನ ಮನೆಗೆ ಹೋಗುತ್ತೇನೆಂದು ತಿಳಿದು, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಪೋಸ್ಟಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ, ನನ್ನ ಮೇಲೆ ಇತ್ತು. ರಿಪೋರ್ಟ್ ಬರೆದವರು ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಧಕ್ಕೇ ನಿಂತುಹೋಯಿತಲ್ಲ ಎಂದು ನಾನು ಸಂಕಟಪಟ್ಟಾಗ, "ನ ಆದ ಮೇಲೆ ಹೆಚ್ಚೇನೂ ಹಾಡುಗಳಿಲ್ಲ, ಚಿಂತೆ ಮಾಡಬೇಡಿ," ಎಂದರು.

ಮಗಳು ಅಲ್ಲೇ ಪಕ್ಕದ ಬಡಾವಣೆ ಹ್ಯಾರಿಸ್ ಪಾರ್ಕಿನ ಒಂದು ಸ್ವೀಟ್ ಅಂಗಡಿಗೆ ಬಂದಳು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು, ತಾಯಿಯದೇ ಹಣೆ. ಪುಸ್ತಕ ಬಿಚ್ಚಿ ಕೆಂಪು ಮುದ್ರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಓದಲು ಬಾರದಿದ್ದರೂ ಮನೆಯ ಮಾತು ಅವಳಿಗೆ ತಿಳಿದಿತ್ತು. ನ ಸಾಲು ಮುಗಿದು ಖಾಲಿ ಹಾಳೆಗಳು ಬಂದಾಗ ನಾನು ಹಿರಿಯರ ಮಾತನ್ನೇ ಹೇಳಿದೆ, ಇನ್ನು ಹೆಚ್ಚು ಉಳಿದಿರಲಿಲ್ಲವಂತೆ ಎಂದು.

"ಅವರು ಹಾಗೆ ಹೇಳಿದರಾ?" ಎಂದಳು. "ವಸಂತ, ಹೂವು, ನಕ್ಷತ್ರ, ದೋಣಿ, ಹುಟ್ಟಿದ ಊರು. ಜಪಾನಿಯಲ್ಲಿ ಈ ಪದಗಳೆಲ್ಲ ಶುರುವಾಗುವುದು ಹ ಸಾಲಿನಲ್ಲೇ. ತಾಯಿ ಅನ್ನೋ ಪದ ಕೂಡ."

ಖಾಲಿ ಹಾಳೆಗಳನ್ನು ಅವಳು ಒಂದೂ ಬಿಡದೆ ಮಗುಚಿದಳು. ಅವು ಬಹಳ ಇದ್ದವು. ರಿಪೋರ್ಟ್ ಬರೆದವಳು ನಾನೇ ಎಂದು ಆಗ ಹೇಳಿಬಿಟ್ಟೆ. ನಮ್ಮ ಅಜ್ಜಿಯ ಹೆಬ್ಬೆಟ್ಟಿನ ಕಥೆಯನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಕೇಳಿಸಿಕೊಂಡು ಪುಸ್ತಕ ಮುಚ್ಚಿದಳು.

"ಅಮ್ಮನನ್ನು ಕೇಳಿದ್ದಿರಾ?"

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಲ್ಲ ಎಂದೆ.

"ಪುಸ್ತಕ ತೋರಿಸಿ ಇದೇನು ಅಂತ ಕೈಸನ್ನೆ ಮಾಡಿದ್ದರೆ ಸಾಕಿತ್ತು. ಹಾಡಿ ತೋರಿಸುತ್ತಿದ್ದಳು."

ನಾನು ಕೇಳಿರಲಿಲ್ಲ. ಒಂಬತ್ತು ವರ್ಷದವಳಾಗಿದ್ದಾಗ ನನ್ನ ಅಜ್ಜಿಯನ್ನೂ ಕೇಳಿರಲಿಲ್ಲ, ಆಗ ನಾನು ಚಿಕ್ಕವಳು. ಈ ಅಜ್ಜಿಯ ಕೋಣೆಗಾದರೆ ದಿನಕ್ಕೆ ಆರು ಸಲ ಹೋಗುತ್ತಿದ್ದೆ.